ಹಿತ್ತಲಲ್ಲಿ 40 ಅಡಿ ಹ್ಯಾಮ್ ರೇಡಿಯೊ ಟವರ್: ಕಾಂಕ್ರೀಟ್ ಪಾಯ ಹಾಕುವ ಸಮಗ್ರ ಮಾರ್ಗದರ್ಶಿ

ಆಂಟೆನಾ ಇಷ್ಟವಾಗಲಿಲ್ಲ ಅಂದರೆ ಇಳಿಸಿ ಬೇರೆಯದು ಏರಿಸಬಹುದು. ಕೇಬಲ್ ಹಾಳಾದರೆ ಹೊಸದು ಎಳೆಯಬಹುದು. ಟವರಿನ ಒಂದು ಪಟ್ಟಿ ತುಕ್ಕು ಹಿಡಿದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಎಂಟು ಟನ್ ಕಾಂಕ್ರೀಟ್ ಗುಂಡಿಗೆ ಬಿದ್ದ ಮೇಲೆ ಮುಗೀತು, ಅದನ್ನು ತಿದ್ದಲು ಆಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಕಾಂಕ್ರೀಟ್ ಸುರಿಯುವ ದಿನಕ್ಕಿಂತ ಅದರ ಹಿಂದಿನ ದಿನಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಇಲ್ಲಿ ತೆಗೆದುಕೊಂಡಿರುವುದು 12 ಮೀಟರ್, ಅಂದರೆ ಸುಮಾರು 40 ಅಡಿ ಎತ್ತರದ, ಮೂರು ಕಾಲಿನ ಕಬ್ಬಿಣದ ಟವರ್. ಸುತ್ತ ಎಳೆಕಟ್ಟುವ ತಂತಿಗಳಿಲ್ಲದೆ ತಾನೇ ನಿಲ್ಲುವಂಥದ್ದು. ಬುಡದಲ್ಲಿ ಕಾಲಿನಿಂದ ಕಾಲಿಗೆ 60 ಸೆಂಟಿಮೀಟರ್ ಅಂತರ. 40 ಅಡಿಯೇ ಏಕೆ ಅಂದರೆ, ಹ್ಯಾಮ್‌ಗಳು (ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು) ಹೆಚ್ಚು ಬಳಸುವ 20 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು 20 ಮೀಟರ್ ತರಂಗಾಂತರದ ರೇಡಿಯೊ ಅಲೆಗಳಲ್ಲಿ, ಅರ್ಧ ತರಂಗಾಂತರ ಸುಮಾರು 35 ಅಡಿ. ಆಂಟೆನಾ ಅದಕ್ಕಿಂತ ತುಂಬ ಕೆಳಗಿದ್ದರೆ ಸಿಗ್ನಲ್ ನೆತ್ತಿಯ ಕಡೆ ಹೋಗುತ್ತದೆ, ದೂರದ ದೇಶಗಳಿಗೆ ಮುಟ್ಟುವುದು ಕಷ್ಟ. 40 ಅಡಿಗೆ ಏರಿಸಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಜಾಗ ಮತ್ತು ಕಾಗದಪತ್ರ

ಮೊದಲು ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಎಲ್ಲಿದೆ? ಟವರ್ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗಬಾರದು. ನಾನು ಪಾಲಿಸುವುದು ಒಂದೂವರೆ ಪಟ್ಟು ಲೆಕ್ಕ: 40 ಅಡಿ ಟವರಿಗೆ ತಂತಿಯಿಂದ 60 ಅಡಿ ದೂರ. ಮನೆಗೆ ಬರುವ ಸರ್ವಿಸ್ ವೈರನ್ನೂ ಇದರಲ್ಲಿ ಸೇರಿಸಿಕೊಳ್ಳಿ. ಇಷ್ಟು ಜಾಗ ಇಲ್ಲ ಅಂದರೆ ಟವರಿನ ಎತ್ತರ ಇಳಿಸಿ. ಈ ಒಂದು ವಿಷಯದಲ್ಲಿ ರಾಜಿ ಬೇಡ, ಇಲ್ಲಿ ತಪ್ಪಿದರೆ ಹೋಗುವುದು ಜೀವ.

ಆಮೇಲೆ ನೆಲ ನೋಡಿ. ಶೌಚದ ಗುಂಡಿ, ಹಳೆಯ ಬಾವಿ ಮುಚ್ಚಿದ ಜಾಗ, ಬೋರ್‌ವೆಲ್ ಪೈಪು, ಮಳೆನೀರು ನಿಲ್ಲುವ ತಗ್ಗು, ಇವೆಲ್ಲದರಿಂದ ದೂರ ಇರಲಿ. ಮಣ್ಣು ತುಂಬಿ ಎತ್ತರ ಮಾಡಿದ ಜಾಗದಲ್ಲಿ ಪಾಯ ಹಾಕಲೇಬೇಡಿ. ಹತ್ತು ವರ್ಷದ ಹಿಂದೆ ತುಂಬಿದ ಮಣ್ಣೂ ತುಂಬಿದ ಮಣ್ಣೇ.

ಹ್ಯಾಮ್ ಲೈಸೆನ್ಸ್ ಕೈಯಲ್ಲಿರಬೇಕು. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಏನು ಒಪ್ಪಿಗೆ ಬೇಕು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ. ಹತ್ತಿರದಲ್ಲಿ ವಿಮಾನ ನಿಲ್ದಾಣ ಇದ್ದರೆ ಎತ್ತರದ ಮಿತಿಯನ್ನೂ ವಿಚಾರಿಸಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಬಿಡಿ. ಗುಂಡಿ ತೋಡುವಾಗ ಗೊತ್ತಾಗುವುದಕ್ಕಿಂತ ಮೊದಲೇ ಕೂತು ಮಾತಾಡುವುದು ಒಳ್ಳೆಯದು, ಅಲ್ವಾ?

ಎಷ್ಟು ದೊಡ್ಡ ಪಾಯ ಬೇಕು?

ಟವರಿನ ತೂಕ ಹೊರುವುದಕ್ಕೆ ಪಾಯ ಬೇಕು ಅಂತ ತುಂಬ ಜನ ತಿಳಿದಿದ್ದಾರೆ. ಇಂಥ ಟವರ್ ತೂಗುವುದು ಹೆಚ್ಚೆಂದರೆ 200 ಕಿಲೋ. ಅಷ್ಟು ತೂಕಕ್ಕೆ ನಾಲ್ಕು ಚಪ್ಪಡಿ ಕಲ್ಲು ಸಾಕು. ಪಾಯದ ನಿಜವಾದ ಕೆಲಸ ಬೇರೆ. ಗಾಳಿ ಟವರನ್ನು ಮಗುಚಲು ನೋಡುತ್ತದೆ, ಪಾಯ ಅದನ್ನು ತಡೆಯಬೇಕು. ಗಾಳಿ ಬೀಸುವ ಕಡೆಯ ಕಾಲು ಮೇಲಕ್ಕೆ ಕೀಳಲು ಎಳೆಯುತ್ತದೆ, ಎದುರು ಕಡೆಯ ಕಾಲು ಕೆಳಕ್ಕೆ ಒತ್ತುತ್ತದೆ.

ಕಟ್ಟಡಗಳ ಮೇಲೆ ಬೀಳುವ ಭಾರದ ಬಗೆಗಿನ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಮಂಗಳೂರಿಗೆ 39 ಮೀಟರ್, ಗಂಟೆಗೆ 140 ಕಿಲೋಮೀಟರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೂತ್ರ ಸುಲಭ: ವೇಗವನ್ನು ವೇಗದಿಂದಲೇ ಗುಣಿಸಿ, 0.6ರಿಂದ ಮತ್ತೆ ಗುಣಿಸಿ. ಬೆಂಗಳೂರಿಗೆ ಚದರ ಮೀಟರಿಗೆ 653 ನ್ಯೂಟನ್ ಬರುತ್ತದೆ, ಮಂಗಳೂರಿಗೆ 913. ಬರೀ 6 ಮೀಟರ್ ವೇಗ ಜಾಸ್ತಿಯಾದರೆ ಒತ್ತಡ ಶೇ 40ರಷ್ಟು ಏರಿತು, ನೋಡಿ.

ಈಗ ಒಂದು ಒರಟು ಲೆಕ್ಕ ಹಾಕೋಣ. ಗಾಳಿಗೆ ಎದುರಾಗುವ ಟವರಿನ ಪರಿಣಾಮಕಾರಿ ಮೈ 2.5 ಚದರ ಮೀಟರ್, ಆಂಟೆನಾದ್ದು 0.8 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಬೆಂಗಳೂರಿನ ಗಾಳಿಗೆ ಟವರಿನ ಮೇಲೆ 1.63 ಕಿಲೋನ್ಯೂಟನ್ ಬಲ ಬೀಳುತ್ತದೆ, ಅದು ಸುಮಾರು 6 ಮೀಟರ್ ಎತ್ತರದಲ್ಲಿ ಕೆಲಸ ಮಾಡುತ್ತದೆ. ಆಂಟೆನಾ ಮೇಲೆ 0.52, ಅದು 12 ಮೀಟರ್ ಎತ್ತರದಲ್ಲಿ. ಎರಡೂ ಸೇರಿ ಬುಡದಲ್ಲಿ ಮಗುಚುವ ಶಕ್ತಿ ಸುಮಾರು 16 ಕಿಲೋನ್ಯೂಟನ್ ಮೀಟರ್. ಪಾಯದ ಆಳವನ್ನೂ ಸೇರಿಸಿದರೆ 19 ದಾಟುತ್ತದೆ.

ಇದನ್ನು ತಡೆಯುವುದು ಯಾವುದು? ಕಾಂಕ್ರೀಟಿನ ತೂಕ, ಮತ್ತು ಆ ತೂಕ ಅಂಚಿನಿಂದ ಎಷ್ಟು ಒಳಗಿದೆ ಅನ್ನುವುದು. ಉದ್ದ, ಅಗಲ, ಎತ್ತರ ಮೂರೂ 1.2 ಮೀಟರ್ ಇರುವ ಕಾಂಕ್ರೀಟ್ ಗಟ್ಟಿ ತಡೆಯುವುದು ಸುಮಾರು 25. ಅದರ ಕಡಿಮೆ ಆಳಕ್ಕೆ ಮಗುಚುವ ಶಕ್ತಿಯೂ ಸ್ವಲ್ಪ ಇಳಿದು 18.7 ಆಗುತ್ತದೆ. ಆದರೂ ಭದ್ರತೆ ಬರೀ 1.3 ಪಟ್ಟು. ಸಾಲದು. ಮೂರೂ ಕಡೆ 1.5 ಮೀಟರ್ ಮಾಡಿದರೆ ತಡೆಯುವ ಶಕ್ತಿ 62ಕ್ಕೆ ಏರುತ್ತದೆ, ಭದ್ರತೆ 3 ಪಟ್ಟು ದಾಟುತ್ತದೆ. ಅದೇ ಗಟ್ಟಿ ಮಂಗಳೂರಿನ ಗಾಳಿಗೂ 2.3 ಪಟ್ಟು ಕೊಡುತ್ತದೆ. ಒಂದೊಂದು ಕಡೆ ಬರೀ 30 ಸೆಂಟಿಮೀಟರ್ ಹೆಚ್ಚಿಸಿದ್ದಕ್ಕೆ ಇಷ್ಟು ಲಾಭ. ಒಂದಷ್ಟು ಮೂಟೆ ಸಿಮೆಂಟ್ ಉಳಿಸಲು ಹೋಗಿ ಪಾಯ ಕಿರಿದು ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಾಗಾಗಿ ಇಲ್ಲಿಂದ ಮುಂದಿನ ಎಲ್ಲ ಲೆಕ್ಕವೂ 1.5 × 1.5 × 1.5 ಮೀಟರ್ ಗಟ್ಟಿಗೆ. ಅದು 3.375 ಘನ ಮೀಟರ್, ತೂಕ 8 ಟನ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ನಿಮ್ಮ ಟವರ್, ನಿಮ್ಮ ಆಂಟೆನಾ, ನಿಮ್ಮ ಮಣ್ಣು ಬೇರೆ. ಕಟ್ಟುವ ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಲೆಕ್ಕ ತೋರಿಸಿ ಸಹಿ ಹಾಕಿಸಿಕೊಳ್ಳಿ. ಟವರ್ ಇನ್ನೂ ಎತ್ತರ ಅಥವಾ ಆಂಟೆನಾ ಇನ್ನೂ ದೊಡ್ಡದು ಅಂದರೆ ಅವರಿಲ್ಲದೆ ಮುಂದೆ ಹೋಗಲೇಬೇಡಿ.

ಮಣ್ಣು

ಕೆಂಪು ಗಟ್ಟಿ ಮಣ್ಣು ಸಿಕ್ಕಿದರೆ ನಿಮ್ಮ ಅದೃಷ್ಟ. ಗುಂಡಿಯ ಗೋಡೆ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಅದಕ್ಕೇ ಒತ್ತಿ ಕಾಂಕ್ರೀಟ್ ಹಾಕಬಹುದು. ಕರಾವಳಿಯ ಮುರಕಲ್ಲಿನ ನೆಲವೂ ಒಳ್ಳೆಯದೇ, ತೋಡುವಾಗ ಮಾತ್ರ ಬೆವರು ಇಳಿಯುತ್ತದೆ.

ತೊಂದರೆ ಇರುವುದು ಎರೆ ಮಣ್ಣಿನಲ್ಲಿ. ವಿಜಯಪುರ, ಕಲಬುರಗಿ, ರಾಯಚೂರು, ಧಾರವಾಡದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ಪಾಯ ವರ್ಷಕ್ಕೊಮ್ಮೆ ಏರಿಳಿಯುತ್ತದೆ, ಅದೂ ಎಲ್ಲ ಮೂಲೆ ಒಂದೇ ಸಮ ಅಲ್ಲ. ಅಲ್ಲಿ ಎರೆ ಪದರ ದಾಟಿ ಗಟ್ಟಿ ನೆಲ ಸಿಗುವವರೆಗೆ ತೋಡಿ. ಸಿಗದಿದ್ದರೆ ಗುಂಡಿಯನ್ನು ಎಲ್ಲ ಕಡೆ ಅಗಲವಾಗಿ, ಆಳವಾಗಿ ತೆಗೆದು, ಗರಸು ತುಂಬಿ, ಅರ್ಧರ್ಧ ಅಡಿಗೆ ನೀರು ಹಾಕಿ ದಮ್ಮಸು ಮಾಡಿ ಅದರ ಮೇಲೆ ಪಾಯ ಕೂರಿಸಬೇಕು. ಗರಸು ಎಷ್ಟು ದಪ್ಪ ಇರಬೇಕು ಅಂತ ಎಂಜಿನಿಯರೇ ಹೇಳಲಿ.

ಗುರುತು ಹಾಕಿ ಗುಂಡಿ ತೋಡುವುದು

ಗೂಟಗಳನ್ನು ನೆಟ್ಟು ದಾರ ಕಟ್ಟಿ 1.5 ಮೀಟರಿನ ಚೌಕ ಮಾಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ 2.12 ಮೀಟರ್ ಬಂದರೆ ಚೌಕ ಸರಿಯಾಗಿದೆ. ದಾರದ ಗೂಟಗಳನ್ನು ಗುಂಡಿಯಿಂದ ಒಂದು ಮೀಟರ್ ಆಚೆ ನೆಡಿ. ಇಲ್ಲದಿದ್ದರೆ ತೋಡುವಾಗ ಅವೇ ಕಿತ್ತು ಬರುತ್ತವೆ.

ಗಟ್ಟಿಯ ಮೇಲ್ಭಾಗ ನೆಲದಿಂದ 15 ಸೆಂಟಿಮೀಟರ್ ಮೇಲೆ ಇರಬೇಕು. ಕಬ್ಬಿಣದ ಕಾಲು ಮಣ್ಣು, ನೀರು, ಒದ್ದೆ ತರಗೆಲೆಗೆ ತಾಗಬಾರದು. ಟವರ್‌ಗಳು ಮೊದಲು ತುಕ್ಕು ಹಿಡಿಯುವುದು ನೆಲ ಮುಟ್ಟುವ ಜಾಗದಲ್ಲೇ. ಆದ್ದರಿಂದ ನೆಲದೊಳಗೆ 1.35 ಮೀಟರ್, ಅದರ ಕೆಳಗೆ ಬೆಡ್ ಕಾಂಕ್ರೀಟಿಗೆ (ತಳದಲ್ಲಿ ಮೊದಲು ಹಾಕುವ ತೆಳು ಪದರ) 10 ಸೆಂಟಿಮೀಟರ್. ಒಟ್ಟು 1.45 ಮೀಟರ್ ತೋಡಿ.

ತೆಗೆದ ಮಣ್ಣನ್ನು ಅಂಚಿಗೇ ರಾಶಿ ಹಾಕಬೇಡಿ, ಒಂದೂವರೆ ಮೀಟರ್ ದೂರ ಹಾಕಿ. ಗುಂಡಿಯಲ್ಲಿ ಒಬ್ಬರು ಇದ್ದಾಗ ಮೇಲೆ ಇನ್ನೊಬ್ಬರು ಇರಲೇಬೇಕು. ಮಣ್ಣು ಸಡಿಲ ಇದ್ದರೆ ಗೋಡೆಗೆ ಹಲಗೆ ಕೊಟ್ಟು ಆನಿಸಿ, ಅಥವಾ ಅಗಲವಾಗಿ ಇಳಿಜಾರು ಬಿಟ್ಟು ತೋಡಿ ಆಮೇಲೆ ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹಿಡಿದಿಡುವ ಹಲಗೆ) ಕಟ್ಟಿ. ಎದೆಮಟ್ಟದ ಗುಂಡಿಯೂ ಕುಸಿದರೆ ಮನುಷ್ಯನನ್ನು ಹಿಡಿದುಹಾಕುತ್ತದೆ. ರಾತ್ರಿ ಗುಂಡಿಯ ಮೇಲೆ ತಗಡು ಮುಚ್ಚಿ. ಮಕ್ಕಳು, ದನಕರು ಓಡಾಡುವ ಹಿತ್ತಲು ತಾನೇ.

ಕೊನೆಯ ಹತ್ತು ಸೆಂಟಿಮೀಟರನ್ನು ಜೆಸಿಬಿಯಿಂದ ತೆಗೆಸಬೇಡಿ. ಅದರ ಹಲ್ಲು ತಳವನ್ನು ಕೆದಕಿ ಸಡಿಲ ಮಾಡುತ್ತದೆ. ಗುದ್ದಲಿಯಿಂದ ಸಮ ಮಾಡಿ, ಸಡಿಲ ಮಣ್ಣು ಎತ್ತಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಒಂದು ಕಡೆ ತಪ್ಪಿ ಜಾಸ್ತಿ ತೋಡಿದ್ದರೆ ಮಣ್ಣು ತುಂಬಬೇಡಿ, ಬೆಡ್ ಕಾಂಕ್ರೀಟಿನಿಂದಲೇ ತುಂಬಿ. ಬೆಡ್‌ಗೆ 1:3:6 ಮಿಶ್ರಣ (ಸಿಮೆಂಟ್, ಮರಳು, ಜಲ್ಲಿಯ ಪಾಲು) ಸಾಕು, ಒಂದು ಮೂಟೆ ಸಿಮೆಂಟಿನಲ್ಲಿ ಮುಗಿಯುತ್ತದೆ. ಒಂದು ದಿನ ಬಿಟ್ಟು ಅದರ ಮೇಲೆ ಕಂಬಿ ಕಟ್ಟಿ.

ಕಂಬಿಯ ಪಂಜರ

ಎಫ್‌ಇ 500 ದರ್ಜೆಯ ಕಂಬಿ ತನ್ನಿ. ಕೆಳಗೊಂದು ಜಾಲ, ಮೇಲೊಂದು ಜಾಲ. ಎರಡೂ 12 ಮಿಲಿಮೀಟರ್ ಕಂಬಿಯದ್ದು, 15 ಸೆಂಟಿಮೀಟರಿಗೆ ಒಂದರಂತೆ, ಎರಡೂ ದಿಕ್ಕಿಗೆ ಹತ್ತತ್ತು. ಪ್ರತಿ ತುಂಡು 1.95 ಮೀಟರ್ ಉದ್ದ ಕತ್ತರಿಸಿ, ಎರಡು ತುದಿಯನ್ನೂ 30 ಸೆಂಟಿಮೀಟರ್ ಮಡಚಿ. ಕೆಳಗಿನ ಜಾಲದ ತುದಿ ಮೇಲಕ್ಕೆ, ಮೇಲಿನ ಜಾಲದ್ದು ಕೆಳಕ್ಕೆ. ಎರಡನ್ನೂ ಸೇರಿಸಲು ಸುತ್ತಲೂ 12 ನಿಲುವು ಕಂಬಿ, ಒಂದೊಂದು 1.35 ಮೀಟರ್. ಹೊರಗಿನಿಂದ 8 ಮಿಲಿಮೀಟರ್ ಕಂಬಿಯ 7 ರಿಂಗ್.

ಅಂಗಡಿಯಲ್ಲಿ ಕೇಳಬೇಕಾದ್ದು: 12 ಮಿಲಿಮೀಟರಿನ 12 ಮೀಟರ್ ಉದ್ದದ ಕಂಬಿ 9, 8 ಮಿಲಿಮೀಟರಿನದು 4. ಒಟ್ಟು ತೂಕ ಸುಮಾರು 115 ಕಿಲೋ. ತೂಕ ತಾಳೆ ನೋಡಲು ಮೇಸ್ತ್ರಿಗಳ ಹಳೆಯ ಸೂತ್ರ ಇದೆ: ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ. 12ಕ್ಕೆ 0.888 ಬರುತ್ತದೆ.

ಕಂಬಿ ಮಣ್ಣಿಗೆ ತಾಗಲೇಬಾರದು. ಕೆಳಗೆ 5 ಸೆಂಟಿಮೀಟರ್, ಮಣ್ಣಿನ ಗೋಡೆಯ ಕಡೆ 7.5 ಸೆಂಟಿಮೀಟರ್ ಕಾಂಕ್ರೀಟ್ ಹೊದಿಕೆ ಬಿಡಿ. ಇದಕ್ಕೆ ಸಿಮೆಂಟಿನ ಕವರ್ ಬ್ಲಾಕ್ ಬಳಸಿ. ಜಲ್ಲಿ ಕಲ್ಲು, ಇಟ್ಟಿಗೆ ಚೂರು ಇಡುವುದು ಎಲ್ಲ ಕಡೆ ನಡೆಯುತ್ತದೆ, ನೀವು ಒಪ್ಪಬೇಡಿ. ಇಟ್ಟಿಗೆ ನೀರು ಹೀರಿ ನೇರ ಕಂಬಿಗೆ ಮುಟ್ಟಿಸುತ್ತದೆ.

ಬೋಲ್ಟು ಮತ್ತು ಟೆಂಪ್ಲೇಟ್

ಇಡೀ ಕೆಲಸದಲ್ಲಿ ನನಗೆ ನಿದ್ದೆ ಬಾರದಿದ್ದ ರಾತ್ರಿ ಇದರದ್ದು.

ಟವರಿನ ಬುಡದ ಪ್ಲೇಟುಗಳು ಕಾಂಕ್ರೀಟಿನಿಂದ ಮೇಲೆ ಬಂದ ಬೋಲ್ಟುಗಳಿಗೆ ಕೂರಬೇಕು. ನಮ್ಮ ಲೆಕ್ಕದಲ್ಲಿ ಗಾಳಿ ಬೀಸುವ ಕಡೆಯ ಒಂದು ಕಾಲಿನ ಮೇಲೆ ಬೀಳುವ ಎಳೆತ ಸುಮಾರು 31 ಕಿಲೋನ್ಯೂಟನ್. ಮೂರು ಟನ್ ಅಂದುಕೊಳ್ಳಿ. ಆದ್ದರಿಂದ ಬೋಲ್ಟು 20 ಮಿಲಿಮೀಟರ್ ದಪ್ಪ, ಕಾಂಕ್ರೀಟಿನೊಳಗೆ ಕನಿಷ್ಠ 60 ಸೆಂಟಿಮೀಟರ್ ಉದ್ದ ಇರಲಿ. ತುದಿಯಲ್ಲಿ ಕೊಕ್ಕೆ ಬೇಕು, ಅಥವಾ ಪ್ಲೇಟು ಮತ್ತು ನಟ್ಟು. ನನ್ನ ಆಯ್ಕೆ ಪ್ಲೇಟು. ಎಳೆದಷ್ಟೂ ಕಾಂಕ್ರೀಟನ್ನೇ ಹಿಡಿದುಕೊಳ್ಳುತ್ತದೆ, ಕೊಕ್ಕೆಯ ಹಾಗೆ ನೆಟ್ಟಗಾಗುವ ಭಯ ಇಲ್ಲ. ಗ್ಯಾಲ್ವನೈಸ್ ಮಾಡಿದ್ದೇ ಕೊಳ್ಳಿ. ಪ್ರತಿ ಕಾಲಿಗೆ ಎಷ್ಟು ಬೋಲ್ಟು ಅನ್ನುವುದು ಬುಡದ ಪ್ಲೇಟಿನ ತೂತುಗಳ ಲೆಕ್ಕ.

ಬೋಲ್ಟುಗಳನ್ನು ಒಂದೊಂದಾಗಿ ಕಂಬಿಗೆ ಕಟ್ಟಿ ಕೈಬಿಡಬೇಡಿ. 6 ಮಿಲಿಮೀಟರ್ ತಗಡಿನಲ್ಲಿ, ಇಲ್ಲವೇ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಟೆಂಪ್ಲೇಟ್ (ಬೋಲ್ಟುಗಳನ್ನು ಸರಿಯಾದ ಜಾಗದಲ್ಲಿ ಹಿಡಿಯುವ ತೂತಿನ ಹಲಗೆ) ಮಾಡಿ. ಅಳತೆ ಟೇಪಿನಿಂದ ತೂತು ಗುರುತಿಸಬೇಡಿ. ಟವರಿನ ಬುಡದ ತುಂಡನ್ನೇ ತಂದು ಅದರ ಮೇಲೆ ನಿಲ್ಲಿಸಿ, ತೂತಿನೊಳಗಿಂದ ಗುರುತು ಹಾಕಿ. ಪ್ರತಿ ಬೋಲ್ಟಿಗೂ ಟೆಂಪ್ಲೇಟಿನ ಮೇಲೊಂದು, ಕೆಳಗೊಂದು ನಟ್ಟು ಹಾಕಿ ಬಿಗಿ ಮಾಡಿ. ಟೆಂಪ್ಲೇಟಿನ ನಡುವೆ ದೊಡ್ಡ ತೂತು ಬಿಡಿ, ಕಾಂಕ್ರೀಟ್ ಮತ್ತು ಅದನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸೂಜಿ ಇಳಿಯಬೇಕಲ್ಲ.

ನನ್ನ ಮೊದಲ ಟವರಿನಲ್ಲಿ ಟೆಂಪ್ಲೇಟನ್ನು ಸೆಂಟ್ರಿಂಗ್ ಹಲಗೆಯ ಮೇಲೆ ಮೊಳೆ ಹೊಡೆದು ಕೂರಿಸಿದ್ದೆ. ಕಾಂಕ್ರೀಟ್ ಸುರಿಯುವಾಗ ಒಬ್ಬರು ಆ ಹಲಗೆಯ ಮೇಲೆ ಕಾಲಿಟ್ಟು ನಿಂತರು. ಯಾರೂ ಗಮನಿಸಲಿಲ್ಲ. ಮಾರನೆಯ ದಿನ ರಸಮಟ್ಟ ಇಟ್ಟು ನೋಡಿದರೆ ಒಂದು ಕಡೆ ಅರ್ಧ ಇಂಚು ಇಳಿದಿತ್ತು. ಬುಡದಲ್ಲಿ 60 ಸೆಂಟಿಮೀಟರಿಗೆ ಅರ್ಧ ಇಂಚು ಅಂದರೆ 40 ಅಡಿ ತುದಿಯಲ್ಲಿ ಹತ್ತು ಇಂಚು ವಾಲುತ್ತದೆ. ಕೆಳಗಿನ ನಟ್ಟುಗಳನ್ನು ಏರಿಸಿ ಇಳಿಸಿ ಹೇಗೋ ಸರಿ ಮಾಡಿದೆವು. ಬೋಲ್ಟಿನ ಮರೆ (ನಟ್ಟು ತಿರುಗುವ ಸುರುಳಿ ಗೆರೆಯ ಭಾಗ) ಅಷ್ಟು ಉದ್ದ ಬಿಟ್ಟಿದ್ದರಿಂದ ಬಚಾವಾದೆವು.

ಅಂದಿನಿಂದ ಟೆಂಪ್ಲೇಟನ್ನು ಸೆಂಟ್ರಿಂಗಿಗೆ ಕಟ್ಟುವುದಿಲ್ಲ. ಗುಂಡಿಯ ಆಚೆ ಈಚೆ ಬೇರೆಯೇ ಗೂಟ ನೆಟ್ಟು, ಎರಡು ಗಟ್ಟಿ ಕಬ್ಬಿಣದ ಆ್ಯಂಗಲ್ ಅಡ್ಡ ಹಾಕಿ, ಅದರಿಂದ ಟೆಂಪ್ಲೇಟನ್ನು ತೂಗುಬಿಡುತ್ತೇನೆ. ಕೆಲಸದವರು ಓಡಾಡಲು ಪ್ರತ್ಯೇಕ ಹಲಗೆ. ಬೋಲ್ಟಿನ ಮರೆ ಕಾಂಕ್ರೀಟಿನಿಂದ 12 ಸೆಂಟಿಮೀಟರ್ ಮೇಲೆ ಇರಲಿ. ಅದಕ್ಕೆ ಗ್ರೀಸ್ ಬಳಿದು ಟೇಪ್ ಸುತ್ತಿ. ಮರೆಗೆ ಹತ್ತಿ ಒಣಗಿದ ಸಿಮೆಂಟನ್ನು ಬಿಡಿಸುವುದು ದಿನದ ಕೆಲಸವಾಗುತ್ತದೆ.

ಕೆಲವರು ಟವರಿನ ಬುಡದ ತುಂಡನ್ನೇ ಕಾಂಕ್ರೀಟಿನಲ್ಲಿ ಹೂಳುತ್ತಾರೆ. ಅದೂ ಗಟ್ಟಿ. ಆದರೆ ಕಾಲುಗಳು ಪೈಪಿನವಾದರೆ ಒಳಗೆ ನೀರು ಸೇರುತ್ತದೆ, ಅದು ಹೊರಹೋಗಲು ದಾರಿ ಬೇಕು. ಮುಂದೊಂದು ದಿನ ಟವರ್ ಬದಲಿಸುವ ಆಸೆ ಇದ್ದರೆ ಬೋಲ್ಟೇ ಒಳ್ಳೆಯದು.

ಅರ್ಥಿಂಗ್ ಮತ್ತು ಪೈಪು: ಈಗ ಮರೆತರೆ ಆಮೇಲೆ ಇಲ್ಲ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಸಿಡಿಲು ಜಾಸ್ತಿ. ಹಿತ್ತಲಲ್ಲೇ ಎತ್ತರದ ಕಬ್ಬಿಣ ನಿಲ್ಲಿಸುತ್ತಿದ್ದೀರಿ ಅನ್ನುವುದು ನೆನಪಿರಲಿ. ಪಂಜರದ ಕಂಬಿಗಳು ಒಂದಕ್ಕೊಂದು ಚೆನ್ನಾಗಿ ಕೂಡಿರಬೇಕು, ಬೋಲ್ಟುಗಳು ಪಂಜರಕ್ಕೆ ಕೂಡಿರಬೇಕು. ಒದ್ದೆ ಮಣ್ಣಿನಲ್ಲಿರುವ ಕಾಂಕ್ರೀಟ್ ತಾನೇ ಒಂದು ಅರ್ಥ್ ಆಗಿ ಕೆಲಸ ಮಾಡುತ್ತದೆ. ಆದರೆ ಅದೊಂದನ್ನೇ ನಂಬಬೇಡಿ. ಮೂರು ಕಾಲಿನಿಂದಲೂ ಒಂದೊಂದು ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ನೇರವಾಗಿ ಹೊರಗಿನ ಅರ್ಥ್ ರಾಡಿಗೆ ಹೋಗಬೇಕು. ಮೂರನ್ನೂ ಒಟ್ಟಿಗೆ ಕೂಡಿಸಿ ಮನೆಯ ಅರ್ಥಿಂಗಿಗೂ ಸೇರಿಸಿ. ಸಿಡಿಲಿನ ಪಾಲು ಹೆಚ್ಚೂಕಡಿಮೆ ಎಲ್ಲವೂ ಕಾಂಕ್ರೀಟ್ ದಾಟದೆ ಮಣ್ಣಿಗೆ ಇಳಿಯಲಿ ಅನ್ನುವುದು ಉದ್ದೇಶ.

ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲ್, ಆಂಟೆನಾ ತಿರುಗಿಸುವ ರೋಟೇಟರಿನ ವೈರ್ ನೆಲದಡಿ ಬರುವುದಾದರೆ ಎರಡು ಇಂಚಿನ ಪಿವಿಸಿ ಪೈಪನ್ನು ಈಗಲೇ ಪಂಜರದೊಳಗೆ ಕಟ್ಟಿ. ಒಂದಲ್ಲ, ಎರಡು. ಬಾಗು ದೊಡ್ಡದಾಗಿರಲಿ, ತುದಿಗೆ ಮುಚ್ಚಳ ಹಾಕಿ, ಒಳಗೆ ಒಂದು ನೈಲಾನ್ ದಾರ ಬಿಡಿ.

ಯಾವ ಕಾಂಕ್ರೀಟ್?

ನಮ್ಮ ಕಡೆ ಎಲ್ಲದಕ್ಕೂ 1:1.5:3 ಅನ್ನುತ್ತಾರೆ, ಅದು ಎಂ20 (ಕಾಂಕ್ರೀಟಿನ ಶಕ್ತಿಯ ದರ್ಜೆ, ಅಂಕಿ ದೊಡ್ಡದಾದಷ್ಟೂ ಗಟ್ಟಿ). ಆದರೆ ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456:2000 ಪ್ರಕಾರ ಮಣ್ಣಿನಲ್ಲಿ ಹೂಳುವ, ಕಂಬಿ ಇರುವ ಕಾಂಕ್ರೀಟ್ ಕನಿಷ್ಠ ಎಂ25 ಇರಬೇಕು. ಸಮುದ್ರದ ಹತ್ತಿರ ಎಂ30. ಹೀಗೆ ಪಾಲಿನ ಲೆಕ್ಕದಲ್ಲಿ ಕಲಸುವುದಕ್ಕೆ ಆ ಸಂಹಿತೆ ಒಪ್ಪುವುದು ಎಂ20ವರೆಗೆ ಮಾತ್ರ. ಹಾಗಾಗಿ ರೆಡಿಮಿಕ್ಸ್ (ಕಲಸಿಯೇ ಲಾರಿಯಲ್ಲಿ ತರುವ ಕಾಂಕ್ರೀಟ್) ಸಿಗುವ ಊರಾದರೆ ಎಂ25 ರೆಡಿಮಿಕ್ಸ್ ತರಿಸಿ, ಅದೇ ಸರಿಯಾದ ದಾರಿ. 3.6 ಘನ ಮೀಟರ್ ಹೇಳಿ. ಸ್ವಲ್ಪ ಮಿಕ್ಕರೆ ಅರ್ಥಿಂಗ್ ಗುಂಡಿಯ ಚೇಂಬರಿಗೆ ಬರುತ್ತದೆ, ಕಡಿಮೆ ಬಿದ್ದರೆ ಕೆಲಸ ಕೆಡುತ್ತದೆ. ಲಾರಿ ಗುಂಡಿಯ ಹತ್ತಿರ ಬರಬಲ್ಲದಾ, ದಾರಿಯಲ್ಲಿ ಸಂಪಿನ ಮುಚ್ಚಳ ಅಥವಾ ಚರಂಡಿ ಚಪ್ಪಡಿ ಇದೆಯಾ ಅಂತ ಮೊದಲೇ ನಡೆದು ನೋಡಿ.

ರೆಡಿಮಿಕ್ಸ್ ಸಿಗದ ಹಳ್ಳಿಯಲ್ಲಿ ಮಿಕ್ಸರ್ ತಂದು 1:1.5:3 ಕಲಸುವುದೇ ದಾರಿ. ಅಲ್ಲಿ ಎಲ್ಲವೂ ನೀರಿನ ಮೇಲೆ ನಿಂತಿದೆ. ಮೂಟೆಗೆ 25 ಲೀಟರ್, ಅದಕ್ಕಿಂತ ಒಂದು ಚೊಂಬೂ ಜಾಸ್ತಿ ಬೇಡ. ಮರಳು ಒದ್ದೆ ಇದ್ದರೆ ಅದರಲ್ಲಿರುವ ನೀರನ್ನೂ ಕಳೆಯಿರಿ. ಹೀಗೆ ಮಾಡಿದರೆ ನೀರು ಸಿಮೆಂಟಿನ ಅರ್ಧ ತೂಕಕ್ಕೆ ನಿಲ್ಲುತ್ತದೆ, ಘನ ಮೀಟರಿಗೆ ಸಿಮೆಂಟ್ ಸುಮಾರು 400 ಕಿಲೋ ಬೀಳುತ್ತದೆ. ಎಂ25ಕ್ಕೆ ಸಂಹಿತೆ ಹೇಳುವ ನೀರಿನ ಮಿತಿ, ಸಿಮೆಂಟಿನ ಮಿತಿ ಎರಡರೊಳಗೂ ಇದು ಇರುತ್ತದೆ. ಶಕ್ತಿ ನಿಜವಾಗಿ ಬಂದಿದೆಯಾ ಅಂತ ತಿಳಿಯಲು ಸುರಿಯುವಾಗಲೇ 15 ಸೆಂಟಿಮೀಟರಿನ ಮೂರು ಕ್ಯೂಬ್ ತುಂಬಿಟ್ಟು, 28ನೇ ದಿನ ಪರೀಕ್ಷೆಗೆ ಕೊಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ಯಂತ್ರ ಇರುತ್ತದೆ.

ಬೇಕಾಗುವುದು 27 ಮೂಟೆ ಸಿಮೆಂಟ್, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 50 ಘನ ಅಡಿ, 20 ಮಿಲಿಮೀಟರ್ ಜಲ್ಲಿ 100 ಘನ ಅಡಿ. ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದು ಬೇಡ. ಪ್ಲಾಸ್ಟರಿಂಗ್‌ಗೆ ಬಳಸುವ ನುಣುಪು ಮರಳು ಕೊಡಲು ಬಂದರೆ ವಾಪಸ್ ಕಳಿಸಿ.

ಅಳತೆಗೆ ಬಾಂಡ್ಲಿ ಲೆಕ್ಕ ಬೇಡ. ಒಬ್ಬರು ಗೋಪುರ ತುಂಬುತ್ತಾರೆ, ಇನ್ನೊಬ್ಬರು ಮಟ್ಟಸ ತುಂಬುತ್ತಾರೆ. ಒಳಗಡೆ 30 × 30 × 39 ಸೆಂಟಿಮೀಟರ್ ಇರುವ ಮರದ ಪೆಟ್ಟಿಗೆ ಮಾಡಿಸಿ. ಅದು 35 ಲೀಟರ್, ಸರಿಯಾಗಿ ಒಂದು ಮೂಟೆ ಸಿಮೆಂಟಿನ ಗಾತ್ರ. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ನೀರಿಗೂ ಗುರುತು ಹಾಕಿದ ಬಕೆಟ್ಟು ಇಡಿ, ಪೈಪಿನಿಂದ ನೇರ ಬಿಡಲು ಬಿಡಬೇಡಿ.

ಸುರಿಯುವ ದಿನ

ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಒಂದು ಮೂಟೆಯ ಮಿಕ್ಸರಿನಲ್ಲಿ 27 ಸಲ ಕಲಸಬೇಕು, ಒಂದಕ್ಕೆ ಐದಾರು ನಿಮಿಷ. ಅಂದರೆ ಸುಮಾರು ಮೂರು ಗಂಟೆ. ತಿಂಡಿ, ಚಹಾ ಎಲ್ಲ ಸರದಿಯಲ್ಲಿ ಆಗಲಿ. ಮಿಕ್ಸರ್ ನಿಲ್ಲಬಾರದು. ಮಧ್ಯೆ ಒಂದು ಗಂಟೆ ಬಿಟ್ಟರೆ ಕೆಳಗಿನ ಪದರ ಬಿಗಿದುಕೊಳ್ಳುತ್ತದೆ, ಮೇಲಿನದು ಅದಕ್ಕೆ ಕೂಡುವುದಿಲ್ಲ. ಮಿಕ್ಸರಿಗೆ ಡೀಸೆಲ್, ವೈಬ್ರೇಟರಿಗೆ ಪೆಟ್ರೋಲ್ ಹಿಂದಿನ ದಿನವೇ ತಂದಿಡಿ. ಮಳೆ ಬಂದರೆ ಅಂತ ಒಂದು ಟಾರ್ಪಾಲು ಹತ್ತಿರದಲ್ಲೇ ಇರಲಿ.

ಮೊದಲು ಗುಂಡಿಯ ಗೋಡೆ, ತಳಕ್ಕೆ ನೀರು ಚಿಮುಕಿಸಿ. ಒಣ ಮಣ್ಣು ಕಾಂಕ್ರೀಟಿನ ನೀರು ಹೀರುತ್ತದೆ. ಆದರೆ ನೀರು ನಿಂತಿರಬಾರದು. ರಾತ್ರಿ ಮಳೆಗೆ ಗುಂಡಿ ತುಂಬಿದ್ದರೆ ಪೂರ್ತಿ ಎತ್ತಿ, ಕೆಸರು ಬಳಿದು ತೆಗೆದು ಆಮೇಲೆ ಶುರು ಮಾಡಿ.

ಕಾಂಕ್ರೀಟನ್ನು ಒಂದೂವರೆ ಮೀಟರಿಗಿಂತ ಎತ್ತರದಿಂದ ಬೀಳಿಸಬೇಡಿ. ಜಲ್ಲಿ ಬೇರೆ, ಸಿಮೆಂಟ್ ಹಾಲು ಬೇರೆ ಆಗುತ್ತದೆ. ತಗಡಿನ ಜಾರುದಾರಿ ಇಟ್ಟು ಇಳಿಸಿ. ಒಂದೇ ಮೂಲೆಗೆ ಸುರಿದು ವೈಬ್ರೇಟರಿನಿಂದ ತಳ್ಳುವ ಅಭ್ಯಾಸ ಇದೆ, ಅದನ್ನು ತಡೆಯಿರಿ. ಸುತ್ತಲೂ ಸಮವಾಗಿ, ಒಂದೊಂದು ಅಡಿ ಪದರವಾಗಿ ತುಂಬಿ. ವೈಬ್ರೇಟರ್ ಸೂಜಿಯನ್ನು ನೆಟ್ಟಗೆ, ಕೆಳಗಿನ ಪದರದೊಳಗೂ ನಾಲ್ಕು ಇಂಚು ಹೋಗುವ ಹಾಗೆ ಇಳಿಸಿ. ಹತ್ತು ಹದಿನೈದು ಸೆಕೆಂಡ್ ಬಿಟ್ಟು ನಿಧಾನಕ್ಕೆ ಎತ್ತಿ, ಒಂದಡಿ ಪಕ್ಕಕ್ಕೆ ಮತ್ತೆ ಇಳಿಸಿ. ಗಾಳಿಗುಳ್ಳೆ ಬರುವುದು ನಿಂತು ಮೇಲ್ಮೈ ಹೊಳೆದರೆ ಸಾಕು. ಬೋಲ್ಟಿಗೆ ಸೂಜಿ ತಾಗಿಸಬೇಡಿ.

ಅರ್ಧ ತುಂಬುವಷ್ಟರಲ್ಲಿ ಯಾರಾದರೊಬ್ಬರು "ಸ್ವಲ್ಪ ನೀರು ಬಿಡಿ, ಕೆಲಸ ಸಲೀಸಾಗುತ್ತೆ" ಅನ್ನುತ್ತಾರೆ. ಅವರ ತೋಳು ನೋಯುತ್ತಿರುತ್ತದೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬೇಡ ಅನ್ನಿ. ಹೆಚ್ಚು ಹೊತ್ತು ವೈಬ್ರೇಟರ್ ಹಿಡಿಯಲು ಇನ್ನೊಬ್ಬರನ್ನು ಕೊಡಿ, ನೀರು ಕೊಡಬೇಡಿ. ಆ ದಿನ ನೀರಿನ ಬಕೆಟ್ಟಿನ ಪಕ್ಕ ನೀವೇ ನಿಲ್ಲಬೇಕು.

ಒಂದೊಂದು ಪದರ ಮುಗಿದಾಗಲೂ ಟೆಂಪ್ಲೇಟಿನ ಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿಗೂ ನೋಡಿ. ಕಾಂಕ್ರೀಟ್ ಹಸಿ ಇರುವವರೆಗೆ ತಿದ್ದಬಹುದು. ಮೇಲ್ಮೈಯನ್ನು ನಡುವಿನಿಂದ ಅಂಚಿಗೆ ಒಂದಿಂಚು ಇಳಿಜಾರು ಕೊಟ್ಟು ಮುಗಿಸಿ. ಒಣ ಸಿಮೆಂಟ್ ಪುಡಿ ಉದುರಿಸಿ ನುಣುಪು ಮಾಡುವುದು ಬೇಡ, ಆ ಪದರ ಆಮೇಲೆ ಸಿಪ್ಪೆ ಏಳುತ್ತದೆ.

ಕ್ಯೂರಿಂಗ್

ಕ್ಯೂರಿಂಗ್ ಅಂದರೆ ಕಾಂಕ್ರೀಟನ್ನು ಒದ್ದೆ ಇಟ್ಟು ಗಟ್ಟಿಯಾಗಲು ಬಿಡುವುದು. ಅಂದೇ ಸಂಜೆ ಒದ್ದೆ ಗೋಣಿಚೀಲ ಹೊದಿಸಿ. ಮಾರನೆಯ ದಿನ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಕ್ಕದ ಹಲಗೆಗಳನ್ನು 24 ಗಂಟೆ ಆದ ಮೇಲೆ ಬಿಚ್ಚಬಹುದು. ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) ಕನಿಷ್ಠ 10 ದಿನ ನೀರು ಬೇಕು. ನಾನಂತೂ ಸಿಮೆಂಟ್ ಯಾವುದಾದರೂ 14 ದಿನ ನೀರು ಕೊಡುತ್ತೇನೆ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಹೋಗಿ ನೋಡಿ, ಗೋಣಿ ಒಮ್ಮೆಯೂ ಒಣಗಬಾರದು.

ಏಳು ದಿನಕ್ಕೆ ಕಾಂಕ್ರೀಟಿಗೆ ಪೂರ್ತಿ ಶಕ್ತಿಯ ಮೂರನೇ ಎರಡು ಭಾಗ ಬಂದಿರುತ್ತದೆ. ನೋಡಲು ಕಲ್ಲಿನ ಹಾಗೆ ಇರುತ್ತದೆ. ಆಗಲೇ ಟವರ್ ಏರಿಸುವ ಆತುರ ಎಲ್ಲರಿಗೂ ಬರುತ್ತದೆ. 28 ದಿನ ಕಾಯಿರಿ. ಆ ಹೊತ್ತಿನಲ್ಲಿ ಟವರಿನ ತುಂಡುಗಳಿಗೆ ಬಣ್ಣ ಬಳಿಯಬಹುದು, ಆಂಟೆನಾ ನೆಲದಲ್ಲೇ ಜೋಡಿಸಿ ಟ್ಯೂನ್ ಮಾಡಬಹುದು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬಿನಂಥ ಕಡೆ ಟವರ್ ಏರಿಸಿ ಅನುಭವ ಇರುವ ಹಿರಿಯ ಹ್ಯಾಮ್‌ಗಳು ಸಿಗುತ್ತಾರೆ, ಅವರನ್ನು ಆ ದಿನಕ್ಕೆ ಕರೆಯಿರಿ.

ಟವರ್ ನಿಂತ ಮೇಲೆ ಕೆಳಗಿನ ನಟ್ಟುಗಳನ್ನು ತಿರುಗಿಸಿ ನೆಟ್ಟಗೆ ಮಾಡಿ. ತೂಗುಗುಂಡು ಬಿಟ್ಟು ಎರಡು ಬದಿಯಿಂದ ನೋಡಿ, ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ. ಆಮೇಲೆ ಮೇಲಿನ ನಟ್ಟು ಬಿಗಿ ಮಾಡಿ, ಅದರ ಮೇಲೆ ಇನ್ನೊಂದು ಲಾಕ್ ನಟ್ಟು ಹಾಕಿ. ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ಮೊದಲ ದೊಡ್ಡ ಗಾಳಿಮಳೆಯ ಮಾರನೆಯ ಬೆಳಿಗ್ಗೆ ಹೋಗಿ ಆ ಗೆರೆಗಳನ್ನು ನೋಡಿ. ಗೆರೆ ಮುರಿದಿದ್ದರೆ ಅಲ್ಲಿ ನಟ್ಟು ತಿರುಗಿದೆ, ಬಿಗಿ ಮಾಡಿ ಹೊಸ ಗೆರೆ ಎಳೆಯಿರಿ.